‘ಹೊಸ ಗುಳಿಗೆ’ಗೆ ಸಹಿ ಹಾಕುವ ಮುನ್ನ...

ಎರಡು ವರ್ಷದ ಹಿಂದೆ ಸಂಕ್ರಾಂತಿಗೆ ಅಣ್ಣಿಗೇರಿಯ ತವರಿಗೆ ಹೋಗಿದ್ದೆ. ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರವಿತ್ತು. ಊಟ ಮುಗಿಸಿ ಎಲೆ-ಅಡಿಕೆ ಹಾಕಿಕೊಂಡು ಕೂತಾಗ ನಮ್ಮ ವೈನಿ ಒಳಗಿನಿಂದ ಒಂದು ಕಾಗದದ ಕಟ್ಟು ತಂದು ನನ್ನ ಮುಂದಿಟ್ಟರು.

“ನೋಡವಾ, ಹುಬ್ಬಳ್ಳಿ ದವಾಖಾನ್ಯಾಗ ಇದನ್ನ ಕೊಟ್ಟಾರ. ಶುಗರಿಗೆ ಹೊಸಾ ಗುಳಿಗಿ ಬಂದೈತಂತ, ಅದರ ಪರೀಕ್ಷಾ ನಡದೈತಂತ. ಔಷಧ ಪುಕ್ಕಟ, ರಕ್ತ ತಪಾಸಣಿನೂ ಪುಕ್ಕಟ. ನಿಮ್ಮಣ್ಣ ಸಹಿ ಮಾಡು ಅಂತಾರ. ನಿಮ್ಮವ್ವ ಅಂದ್ರ, ‘ನಿನ್ನ ಇಲಿ ಮಾಡ್ತಾರ, ಬ್ಯಾಡ’ ಅಂತಾರ. ನಾ ಏನ್ ಮಾಡ್ಲಿ?”

“ಇದನ್ನ ಓದೀರೇನು ವೈನಿ?”

“ಎಲ್ಲಾ ಇಂಗ್ಲಿಷ್‌ನ್ಯಾಗ ಐತಿ...” ಎಂದವರು ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದರು. “ಒಲ್ಲೆ ಅಂದ್ರ ಡಾಕ್ಟರು ಸಿಟ್ಟಾಗಿ ಈಗ ಕೊಡೋ ಗುಳಿಗೀನೂ ಬಂದ್ ಮಾಡಿದ್ರ?”

ಅವರ ನಿಜವಾದ ಭಯ ಇದೇ ಆಗಿತ್ತು. ಹೊಸ ಗುಳಿಗೆಗಿಂತ ‘ಇಲ್ಲ’ ಎನ್ನುವುದಕ್ಕೇ ಅವರು ಹೆದರಿದ್ದರು! ನಿಮ್ಮಲ್ಲೂ ಎಷ್ಟೋ ಮಂದಿಗೆ ಈ ಭಯ ಇರಬಹುದು. ಥೈರಾಯ್ಡ್, ಪಿಸಿಓಎಸ್, ಸಕ್ಕರೆ ಕಾಯಿಲೆ, ಮುಟ್ಟು ನಿಲ್ಲುವ ಹೊತ್ತಿನ ತೊಂದರೆ... ಇವುಗಳಲ್ಲಿ ಒಂದಕ್ಕಾದರೂ ಗುಳಿಗೆ ನುಂಗುವ ಹೆಣ್ಣುಮಗಳು ಈಗ ಮನೆಮನೆಯಲ್ಲೂ ಇದ್ದಾಳೆ. ನಾಳೆ ನಿಮ್ಮ ಕೈಗೂ ಇಂಥದೊಂದು ಕಾಗದ ಬರಬಹುದು. ಆಗ ಏನು ಮಾಡಬೇಕು? ಸ್ವಲ್ಪ ತಿಳಿದುಕೊಳ್ಳೋಣ.

ಏನಿದು ಔಷಧ ಪರೀಕ್ಷೆ?

ಯಾವುದೇ ಹೊಸ ಔಷಧ ಅಂಗಡಿಗೆ ಬರುವ ಮುಂಚೆ ಮೊದಲು ಪ್ರಯೋಗಾಲಯದಲ್ಲಿ, ಆಮೇಲೆ ಪ್ರಾಣಿಗಳ ಮೇಲೆ, ಕೊನೆಗೆ ಮನುಷ್ಯರ ಮೇಲೆ ಪರೀಕ್ಷೆಗೆ ಒಳಗಾಗುತ್ತದೆ. ಮನುಷ್ಯರ ಮೇಲಿನ ಪರೀಕ್ಷೆಯಲ್ಲೂ ಹಂತಗಳಿವೆ. ಮೊದಲ ಹಂತದಲ್ಲಿ ಕೆಲವೇ ಜನರಿಗೆ ಕೊಟ್ಟು ‘ಇದು ಸುರಕ್ಷಿತವೇ, ಎಷ್ಟು ಪ್ರಮಾಣ ತಡೆಯುತ್ತದೆ’ ಎಂದು ನೋಡುತ್ತಾರೆ. ಎರಡನೆಯದರಲ್ಲಿ ಕಾಯಿಲೆ ಇರುವವರ ಮೇಲೆ ಪರಿಣಾಮ ನೋಡುತ್ತಾರೆ. ಮೂರನೆಯದರಲ್ಲಿ ನೂರಾರು, ಸಾವಿರಾರು ಜನರಿಗೆ ಕೊಟ್ಟು ಹಳೆಯ ಔಷಧದ ಜೊತೆ ಹೋಲಿಸುತ್ತಾರೆ. ಮಾರಾಟಕ್ಕೆ ಬಂದ ನಂತರವೂ ನಿಗಾ ಇಡುವುದು ನಾಲ್ಕನೆಯ ಹಂತ. ನಿಮ್ಮನ್ನು ಕರೆದಿರುವುದು ಯಾವ ಹಂತಕ್ಕೆ ಎಂಬುದನ್ನು ಮೊದಲು ಕೇಳಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಅಜಗಜಾಂತರ.

ಇನ್ನೊಂದು ವಿಷಯ ಗೊತ್ತಿರಲಿ. ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಹಳೆಯದು ಅಥವಾ ನೋಡಲು ಹಾಗೇ ಇರುವ, ಒಳಗೆ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ಎಷ್ಟೋ ಸಲ ನಿಮಗೂ ತಿಳಿದಿರುವುದಿಲ್ಲ, ಡಾಕ್ಟರಿಗೂ ತಿಳಿದಿರುವುದಿಲ್ಲ. “ನನಗೆ ಹೊಸಾದ್ದು ಸಿಕ್ಕೇ ಸಿಗುತ್ತದೆ” ಎಂದು ನಂಬಿ ಸಹಿ ಹಾಕಬೇಡಿ. ಪರೀಕ್ಷೆ ನಡೆಯುವುದು ಒಂದು ಪ್ರಶ್ನೆಗೆ ಉತ್ತರ ಹುಡುಕಲು. ನಿಮಗೆ ಗುಣವಾದರೆ ಸಂತೋಷ, ಆದರೆ ಅದರ ಖಾತ್ರಿ ಯಾರೂ ಕೊಡಲಾರರು.

ನಮ್ಮ ಸೀಮೆಯ ಹೆಣ್ಣುಮಕ್ಕಳೇ ಉತ್ತರ ಕೊಟ್ಟರು

ಹಾಗಾದರೆ ಯಾರೂ ಸೇರಲೇಬಾರದೇ? ಹಾಗೇನಿಲ್ಲ. ಹೆರಿಗೆಯಾದ ತಕ್ಷಣ ವಿಪರೀತ ರಕ್ತ ಹೋಗದಂತೆ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಇಂಜೆಕ್ಷನ್ ಕೊಡುತ್ತಾರಲ್ಲ, ಅದನ್ನು ತಂಪಿನಲ್ಲೇ ಇಡಬೇಕು. ಕರೆಂಟು ಕೈಕೊಡುವ ಹಳ್ಳಿಯ ಆಸ್ಪತ್ರೆಯಲ್ಲಿ ಇದು ಎಂಥ ಕಷ್ಟ ಎಂದು ನಿಮಗೇ ಗೊತ್ತು. ಅದೇ ಕೆಲಸ ಮಾಡುವ, ಆದರೆ ಬಿಸಿಲಿಗೆ ಕೆಡದ ಕಾರ್ಬೆಟೋಸಿನ್ ಇಂಜೆಕ್ಷನ್ನನ್ನು ವಿಶ್ವ ಆರೋಗ್ಯ ಸಂಸ್ಥೆ 10 ದೇಶಗಳ 23 ಆಸ್ಪತ್ರೆಗಳಲ್ಲಿ ಪರೀಕ್ಷಿಸಿತು. ನಮ್ಮ ಬೆಳಗಾವಿ, ಬಾಗಲಕೋಟೆಯ ವೈದ್ಯಕೀಯ ಕಾಲೇಜುಗಳೂ ಅದರಲ್ಲಿದ್ದವು. ಒಟ್ಟು ಸುಮಾರು 29,600 ಬಾಣಂತಿಯರು ಪಾಲ್ಗೊಂಡರು. 2018ರಲ್ಲಿ ಫಲಿತಾಂಶ ಬಂತು: ಹೊಸದು ಹಳೆಯದಕ್ಕೆ ಸರಿಸಮ. ಮರುವರ್ಷವೇ ಅದು ಅಗತ್ಯ ಔಷಧಗಳ ಪಟ್ಟಿಗೆ ಸೇರಿತು. ನಮ್ಮ ಪಕ್ಕದ ಜಿಲ್ಲೆಗಳ ತಾಯಂದಿರು ‘ಹೂಂ’ ಅಂದದ್ದರಿಂದ ಎಲ್ಲಿಯೋ ದೂರದ ಊರಿನ ಬಾಣಂತಿಯ ಜೀವ ಉಳಿಯುವ ದಾರಿಯಾಯಿತು.

ಸಕ್ಕರೆ ಕಾಯಿಲೆಯದೇ ಉದಾಹರಣೆ ಬೇಕೇ? ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಕ್ಕರೆ ಇನ್ನೇನು ಬಂತು ಎನ್ನುವಂತಿದ್ದ 531 ಜನರಿದ್ದರು. ಮೂರು ವರ್ಷದಲ್ಲಿ, ಹಾಗೇ ಬಿಟ್ಟವರಲ್ಲಿ ಶೇ 55ರಷ್ಟು ಮಂದಿಗೆ ಕಾಯಿಲೆ ಬಂತು. ನಡಿಗೆ, ಊಟದ ಹಿಡಿತ ಪಾಲಿಸಿದವರಲ್ಲಿ ಶೇ 39ರಷ್ಟು ಮಂದಿಗೆ ಮಾತ್ರ. ಮೆಟ್‌ಫಾರ್ಮಿನ್ ಗುಳಿಗೆ ನುಂಗಿದವರದೂ ಹೆಚ್ಚುಕಡಿಮೆ ಅಷ್ಟೇ. ಡಾಕ್ಟರು “ವಾಕಿಂಗ್ ಮಾಡ್ರಿ” ಎಂದು ಗದರುವುದು ಸುಮ್ಮನೆ ಅಲ್ಲ ನೋಡಿ!

ಒಂದೇ ಗುಳಿಗೆ, ಎರಡು ಕಥೆ

ಈಗ ಇನ್ನೊಂದು ಮುಖವನ್ನೂ ನೋಡಿ. ಲೆಟ್ರೋಜೋಲ್ ಎಂಬ ಗುಳಿಗೆ ಇದೆ. ಮುಟ್ಟು ನಿಂತ ಮಹಿಳೆಯರ ಸ್ತನ ಕ್ಯಾನ್ಸರ್‌ಗೆಂದು ಬಂದ ಔಷಧ ಅದು. 2003ರಲ್ಲಿ ನಮ್ಮ ದೇಶದಲ್ಲಿ ಒಂದು ಸುದ್ದಿ ಹೊರಬಿತ್ತು. ಮಕ್ಕಳಾಗಲಿಲ್ಲ ಎಂದು ಡಾಕ್ಟರ ಬಳಿ ಹೋಗಿದ್ದ 400ಕ್ಕೂ ಹೆಚ್ಚು ಮಹಿಳೆಯರಿಗೆ, ಅಂಡಾಣು ಬಿಡುಗಡೆಗೆ ನೆರವಾಗುತ್ತದೆಯೇ ಎಂದು ನೋಡಲು ಇದನ್ನು ಕೊಟ್ಟಿದ್ದರು. ಆ ಬಳಕೆಗೆ ಅನುಮತಿ ಇರಲಿಲ್ಲ. ತಮ್ಮ ಮೇಲೆ ಪರೀಕ್ಷೆ ನಡೆಯುತ್ತಿದೆ ಎಂಬುದೇ ಆ ಮಹಿಳೆಯರಿಗೆ ಗೊತ್ತಿರಲಿಲ್ಲ! 2011ರಲ್ಲಿ ಸರ್ಕಾರ ಬಂಜೆತನದ ಚಿಕಿತ್ಸೆಗೆ ಈ ಔಷಧ ಬಳಸುವುದನ್ನು ನಿಷೇಧಿಸಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕದಲ್ಲಿ ಪಿಸಿಓಎಸ್ ಇರುವ 750 ಮಹಿಳೆಯರಿಗೆ ಎಲ್ಲವನ್ನೂ ತಿಳಿಸಿ, ಒಪ್ಪಿಗೆ ಪಡೆದು ಇದೇ ಗುಳಿಗೆಯನ್ನು ಹಳೆಯ ಕ್ಲೋಮಿಫೀನ್ ಜೊತೆ ಹೋಲಿಸಿದರು. 2014ರಲ್ಲಿ ಬಂದ ಫಲಿತಾಂಶ: ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ಶೇ 27.5 ಮಂದಿಗೆ ಮಗು ಹುಟ್ಟಿತು, ಹಳೆಯದರಲ್ಲಿ ಶೇ 19.1 ಮಂದಿಗೆ. ನಮ್ಮಲ್ಲೂ ಮುಂದೆ ನಿಷೇಧ ತೆರವಾಯಿತು. ಇವತ್ತು ಪಿಸಿಓಎಸ್‌ನಿಂದ ಗರ್ಭ ನಿಲ್ಲದವರಿಗೆ ಡಾಕ್ಟರು ಮೊದಲು ಬರೆಯುವ ಗುಳಿಗೆ ಅದೇ.

ಗುಳಿಗೆ ಒಂದೇ. ಒಂದು ಕಡೆ ಕೇಳದೆ ಕೊಟ್ಟರು, ಇನ್ನೊಂದು ಕಡೆ ಕೇಳಿ ಕೊಟ್ಟರು. ಮುಂದೆ ಅದು ಒಳ್ಳೆಯ ಔಷಧವೆಂದು ಸಾಬೀತಾಯಿತು, ನಿಜ. ಅಷ್ಟಕ್ಕೇ ಕೇಳದೆ ಕೊಟ್ಟದ್ದು ಸರಿಯಾಗುತ್ತದೆಯೇ? ನಿಮ್ಮ ಮೈ ನಿಮ್ಮದು. ಕೇಳಲೇಬೇಕು.

ಕೇಳಿ, ತಿಳಿಸಿ ಮಾಡಿದ ಪರೀಕ್ಷೆಯಲ್ಲೂ ಅಪಾಯ ಇರುವುದಿಲ್ಲ ಎಂದಲ್ಲ. ಮುಟ್ಟು ನಿಂತ 16,608 ಮಹಿಳೆಯರಿಗೆ ಅಮೆರಿಕದಲ್ಲಿ ಹಾರ್ಮೋನ್ ಗುಳಿಗೆಯ ಪರೀಕ್ಷೆ ನಡೆದಿತ್ತು. ಹೃದಯಕ್ಕೆ ಒಳ್ಳೆಯದು ಎಂಬ ನಿರೀಕ್ಷೆ ಇತ್ತು. ಆದರೆ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚುತ್ತಿರುವುದು ಕಂಡು 2002ರ ಜುಲೈನಲ್ಲಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಹೊರಗಿನಿಂದ ನಿಗಾ ಇಡುವ ತಜ್ಞರ ಸಮಿತಿ ಇದ್ದುದರಿಂದಲೇ ಅದು ನಿಂತಿತು. ನಿಮ್ಮ ಪರೀಕ್ಷೆಯ ಮೇಲೆ ಕಣ್ಣಿಡುವವರು ಯಾರು ಎಂದು ಕೇಳುವುದು ಅದಕ್ಕೇ ಮುಖ್ಯ.

ಕಾಯಿದೆ ನಿಮ್ಮ ಬೆನ್ನಿಗಿದೆ

ನಮ್ಮ ದೇಶದಲ್ಲಿ ಹೊಸ ಔಷಧಗಳ ಪರೀಕ್ಷೆಗೆ 2019ರ ಮಾರ್ಚ್‌ನಲ್ಲಿ ಹೊಸ ನಿಯಮಗಳು ಜಾರಿಗೆ ಬಂದವು. ಅದರಲ್ಲಿ ನಿಮಗೆ ಬೇಕಾದದ್ದು ಇಷ್ಟು:

• ಸೇರುವುದು, ಬಿಡುವುದು ನಿಮ್ಮ ಇಷ್ಟ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಅದಕ್ಕಾಗಿ ನಿಮಗೆ ಸಿಗಬೇಕಾದ ಚಿಕಿತ್ಸೆ ನಿಲ್ಲಿಸುವಂತಿಲ್ಲ.

• ಮಾಹಿತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲಿ ಕೇಳಿ ಪಡೆಯಿರಿ. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು.

• ಓದು ಬಾರದವರಿಗೆ ವಿವರಿಸುವಾಗ, ಆಸ್ಪತ್ರೆಯ ಕಡೆಗೆ ವಾಲದ ಸಾಕ್ಷಿಯೊಬ್ಬರು ಮೊದಲಿಂದ ಕೊನೆಯವರೆಗೆ ಜೊತೆಗಿದ್ದು ಸಹಿ ಹಾಕಬೇಕು.

• ಪರೀಕ್ಷೆಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದರಲ್ಲಿ ಕನಿಷ್ಠ 7 ಮಂದಿ ಇರಬೇಕು. ಡಾಕ್ಟರುಗಳಷ್ಟೇ ಅಲ್ಲ, ಕಾನೂನು ಬಲ್ಲವರು, ಒಬ್ಬ ಮಹಿಳೆ, ಒಬ್ಬ ಜನಸಾಮಾನ್ಯರೂ ಇರಲೇಬೇಕು.

• ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಹಾನಿಯಾದರೆ ಪರಿಹಾರ ಕೊಡಬೇಕು.

ಇದಲ್ಲದೆ, 2009ರ ಜೂನ್‌ನಿಂದ ಇಂಥ ಪ್ರತಿ ಪರೀಕ್ಷೆಯೂ ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ನೋಂದಣಿಯಾಗುವುದು ಕಡ್ಡಾಯ. ನೋಂದಣಿ ಸಂಖ್ಯೆ ಕೇಳಿಕೊಂಡು ಬನ್ನಿ. ಕಾಲೇಜು ಓದುವ ಮಕ್ಕಳಿಗೆ ಹೇಳಿದರೆ ಇಂಟರ್‌ನೆಟ್‌ನಲ್ಲಿ ಹುಡುಕಿ, ಯಾವ ಔಷಧ, ಯಾರು ನಡೆಸುತ್ತಿದ್ದಾರೆ, ಎಲ್ಲೆಲ್ಲಿ ಎಂದು ತೋರಿಸುತ್ತಾರೆ.

ಈ ಪ್ರಶ್ನೆಗಳನ್ನು ಕೇಳಿ

ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ನಾಚಿಕೆ ಬೇಡ.

1. ಇದು ಎಷ್ಟನೇ ಹಂತದ ಪರೀಕ್ಷೆ? ಈ ಮೊದಲು ಎಷ್ಟು ಜನ ಈ ಔಷಧ ತೆಗೆದುಕೊಂಡಿದ್ದಾರೆ?

2. ಸೇರದಿದ್ದರೆ ನನಗೆ ಸಿಗುವ ಚಿಕಿತ್ಸೆ ಯಾವುದು?

3. ಈಗಿನ ಗುಳಿಗೆಗಳನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ?

4. ಎಷ್ಟು ತಿಂಗಳು? ಎಷ್ಟು ಸಲ ಬರಬೇಕು? ಬಸ್ಸಿನ ಖರ್ಚು ಯಾರದು?

5. ರಾತ್ರಿ ಹೊತ್ತು ತೊಂದರೆಯಾದರೆ ಯಾವ ಫೋನಿಗೆ ಕರೆ ಮಾಡಲಿ?

6. ಪರೀಕ್ಷೆ ಮುಗಿದ ಮೇಲೆ ಈ ಔಷಧ ಸಿಗುತ್ತದೆಯೇ?

ಉತ್ತರ ಹೇಳಲು ಬೇಸರಪಟ್ಟುಕೊಂಡರೆ, “ಇವತ್ತೇ ಸಹಿ ಮಾಡಿ” ಎಂದು ಅವಸರ ಮಾಡಿದರೆ, ಪರೀಕ್ಷೆಯ ಔಷಧಕ್ಕೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮ ಕಡೆಯಿಂದಲೂ ಮುಚ್ಚುಮರೆ ಇರಬಾರದು. ನಾಟಿ ಔಷಧ, ಕಷಾಯ, ಇನ್ನೊಬ್ಬ ಡಾಕ್ಟರ ಗುಳಿಗೆ ಏನೇ ಇದ್ದರೂ ಹೇಳಿ. ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ತಿಳಿಸಿ. ‘ಉಪವಾಸ ಬನ್ನಿ’ ಎಂದ ದಿನ ಚಹಾ ಕುಡಿದು ಹೋಗಿದ್ದರೆ ಅದನ್ನೂ ಹೇಳಿ. ಹೊಸದು ಬಂತೆಂದು ಥೈರಾಯ್ಡ್ ಅಥವಾ ಶುಗರ್ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ವೈನಿ ಏನು ಮಾಡಿದರು?

ಕೇಳಿದ ಮೇಲೆ ಕನ್ನಡದ ಪ್ರತಿ ಸಿಕ್ಕಿತು. ನಾಲ್ಕು ದಿನ ಮನೆಯಲ್ಲೇ ಇಟ್ಟುಕೊಂಡರು. ಮಗಳು ಓದಿ ಹೇಳಿದಳು. ಅಣ್ಣನೂ ಅವ್ವನೂ ಕೂತು ಕೇಳಿದರು. ಮೂರನೇ ಹಂತ, ಹಳೆಯ ಗುಳಿಗೆ ಮುಂದುವರಿಯುತ್ತದೆ, ಬಸ್ ಖರ್ಚು ಕೊಡುತ್ತಾರೆ ಎಂದು ಖಾತ್ರಿಯಾಯಿತು. “ಒಲ್ಲೆ ಅಂದ್ರ ಏನಾಗ್ತೈತಿ?” ಎಂದು ವೈನಿ ಡಾಕ್ಟರನ್ನೇ ನೇರ ಕೇಳಿದರಂತೆ. “ಏನೂ ಆಗೂದಿಲ್ಲವ್ವಾ, ಮುಂದಿನ ತಿಂಗಳು ಇದ್ದ ಗುಳಿಗೀನ ಬರಕೊಡ್ತೇನಿ” ಎಂದರಂತೆ ಅವರು. ಆ ಮಾತು ಕೇಳಿದ ಮೇಲೆಯೇ ವೈನಿ ಸಹಿ ಹಾಕಿದ್ದು.

ಮೂರನೇ ತಿಂಗಳು ಒಂದು ರಾತ್ರಿ ಮೈ ಬೆವತು, ಕೈಕಾಲು ನಡುಗಿ, ಕಣ್ಣು ಕತ್ತಲೆ ಬಂತು. ಮಗಳು ಪತ್ರದಲ್ಲಿದ್ದ ನಂಬರಿಗೆ ಫೋನು ಮಾಡಿದಳು. “ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿ” ಎಂದರು. ಸ್ವಲ್ಪ ಹೊತ್ತಿಗೆ ಸುಧಾರಿಸಿತು. ಬೆಳಿಗ್ಗೆ ಹುಬ್ಬಳ್ಳಿಗೆ ಹೋದರೆ ತಪಾಸಣೆ ಮಾಡಿ, ಆದದ್ದನ್ನೆಲ್ಲ ಬರೆದುಕೊಂಡು, ಹಳೆಯ ಗುಳಿಗೆಯ ಪ್ರಮಾಣ ಇಳಿಸಿದರು. “ಬಿಡಬೇಕಂದ್ರ ಬಿಡ್ರಿ” ಎಂದೂ ಹೇಳಿದರು. ವೈನಿ ಬಿಡಲಿಲ್ಲ. ಆರು ತಿಂಗಳು ಪೂರ್ತಿ ಮಾಡಿದರು.

ಈ ಸಲ ಹೋದಾಗ ಕೇಳಿದೆ, “ಹೊಸಾ ಗುಳಿಗಿ ಹೆಂಗಿತ್ತು ವೈನಿ?”

“ಖರೇ ಗುಳಿಗಿ ಇತ್ತೋ, ಸುಳ್ಳು ಗುಳಿಗಿ ಇತ್ತೋ, ಇನ್ನೂ ಯಾರೂ ಹೇಳಿಲ್ಲವಾ” ಎಂದು ನಕ್ಕರು. “ಆದ್ರ ಆ ಕಾಗದದಾಗ ಏನಿತ್ತು ಅಂತ ನನಗ ಎಲ್ಲಾ ಗೊತ್ತೈತಿ.”

ಅಷ್ಟು ಗೊತ್ತಿದ್ದರೆ ಸಾಕು. ಆಮೇಲೆ ‘ಹೂಂ’ ಅನ್ನಿ, ‘ಒಲ್ಲೆ’ ಅನ್ನಿ, ಎರಡೂ ನಿಮ್ಮ ಮಾತೇ ಆಗಿರುತ್ತದೆ.