ನೀರು ಬಿಟ್ಟಿದ್ದಾರೆ

ಪರದೇಶದಿಂದ ಬಂದ ಅತಿಥಿಗಳಿಗೆ ನಮ್ಮ ಸೀಮೆಯನ್ನು ತೋರಿಸುವುದು ಬಲು ಸುಲಭವಾದ ಕಾರ್ಯವೆಂದು ನಾನು ಬಹುಕಾಲ ನಂಬಿದ್ದೆ. ಹಳಿಯಾಳದಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ನನ್ನ ಸೋದರಳಿಯ ಗಣೇಶಗುಡಿಯಲ್ಲಿ ಪ್ರವಾಸಿಗರಿಗೆಂದು ನಾಲ್ಕು ಕೋಣೆಗಳ ಮನೆಯೊಂದನ್ನು ನಡೆಸುತ್ತಾನೆ. ಮಾತು ತೊಡಕಾಗುವಂಥ ಅತಿಥಿಗಳು ಬಂದಾಗ, "ಮಾಮಾ, ಎರಡು ದಿನ ಬಂದು ಹೋಗು" ಎಂದು ಅವನಿಂದ ಕರೆ ಬರುತ್ತದೆ. ಊಟ, ವಸತಿ, ಕಾಡಿನ ಗಾಳಿ ಇವಿಷ್ಟು ನನಗೆ ಸಲ್ಲುವ ಸಂಭಾವನೆ. ಇದಕ್ಕಿಂತ ಹೆಚ್ಚಿನದನ್ನು ನಿವೃತ್ತ ಮಾಸ್ತರನೊಬ್ಬನು ಅಪೇಕ್ಷಿಸತಕ್ಕದ್ದೂ ಅಲ್ಲ.

ಕಳೆದ ಮಾಘಮಾಸದಲ್ಲಿ ಹೀಗೆಯೇ ಕರೆ ಬಂದಿತು. ಬಂದಿದ್ದವರು ಜರ್ಮನಿಯ ವೃದ್ಧ ದಂಪತಿಗಳು. ಆತ ಸೇತುವೆಗಳನ್ನು ಕಟ್ಟಿ ನಿವೃತ್ತನಾದ ಎಂಜಿನಿಯರು. ಆಕೆ ನನ್ನಂತೆಯೇ ಶಾಲೆಯಲ್ಲಿ ಪಾಠ ಹೇಳಿದವಳು. ನಮ್ಮ ದೇಶಕ್ಕೆ ಬರುವ ಮೊದಲು ಅವರು ಜಪಾನನ್ನು ಸುತ್ತಿ ಬಂದಿದ್ದರು. ಮೊದಲ ದಿನದ ರಾತ್ರಿ ಊಟವಾದ ಮೇಲೆ ಆತ ತನ್ನ ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದ. ಟೋಕಿಯೋ ನಗರದ ವಿಶಾಲವಾದ ಬೀದಿ. ಸುತ್ತಲೂ ಮುಗಿಲು ಮುಟ್ಟುವ ಕಟ್ಟಡಗಳು. ಬಸ್ಸು ಕಾರುಗಳ ನಡುವೆ ಮೊಣಕಾಲೆತ್ತರದ ಪುಟ್ಟ ಗಾಡಿಗಳ ಒಂದು ಸಾಲು. ಅವುಗಳಲ್ಲೊಂದರಲ್ಲಿ ಈ ಮಹಾಶಯ ಕರಡಿಯ ವೇಷ ತೊಟ್ಟು ಕುಳಿತಿದ್ದಾನೆ!

ಅದಕ್ಕೆ ಗೋ-ಕಾರ್ಟ್ ಎಂದು ಹೆಸರು. ಆಟದ ಮೈದಾನದಲ್ಲಿ ಓಡಬೇಕಾದ ಗಾಡಿಯನ್ನು ಜಪಾನಿನಲ್ಲಿ ಬೀದಿಗಿಳಿಸಿ, ನಗರ ನೋಡಬಯಸುವವರಿಗೆ ಬಾಡಿಗೆಗೆ ಕೊಡುತ್ತಾರಂತೆ. ಮುಂದೆ ಮಾರ್ಗದರ್ಶಕನ ಗಾಡಿ, ಹಿಂದೆ ಅತಿಥಿಗಳ ಸಾಲು. ಆದರೆ ಬೀದಿ ಬೀದಿಯೇ ಆದ್ದರಿಂದ ವಾಹನ ನಡೆಸುವ ಪರವಾನಗಿ ಇಲ್ಲದೆ ಯಾರೂ ಅದರಲ್ಲಿ ಕೂರುವಂತಿಲ್ಲ. ಇಲ್ಲಿ ಒಂದು ಸ್ವಾರಸ್ಯವಿದೆ. 1949ರ ಜಿನೀವಾ ಒಪ್ಪಂದಕ್ಕೆ ಅನುಗುಣವಾದ ಅಂತರರಾಷ್ಟ್ರೀಯ ಪರವಾನಗಿಯನ್ನು ಮಾತ್ರ ಜಪಾನ್ ಮನ್ನಿಸುತ್ತದೆ. ಭಾರತದ ಪರವಾನಗಿ ಅಲ್ಲಿ ನಡೆಯುತ್ತದೆ. 1968ರ ವಿಯೆನ್ನಾ ಒಪ್ಪಂದವನ್ನು ಅನುಸರಿಸುವ ಜರ್ಮನಿಯದು ನಡೆಯುವುದಿಲ್ಲ. ಆದ್ದರಿಂದ ಜರ್ಮನರು ತಮ್ಮ ಪರವಾನಗಿಯ ಅಧಿಕೃತ ಜಪಾನಿ ಭಾಷಾಂತರವನ್ನು ಮಾಡಿಸಿ ಜೊತೆಗಿಟ್ಟುಕೊಳ್ಳಬೇಕು.

"ಎಲ್ಲವೂ ಆ ಭಾಷಾಂತರದ ಮೇಲೆ ನಿಂತಿತ್ತು. ಅದಿಲ್ಲದಿದ್ದರೆ ನಾನು ಕರಡಿಯಾಗುತ್ತಿರಲಿಲ್ಲ" ಎಂದು ಆತ ನಕ್ಕ.

"ಅಷ್ಟೆಲ್ಲ ಮಾಡಿ ಏನನ್ನು ನೋಡಿದಿರಿ?" ಎಂದು ನಾನು ಕೇಳಿದೆ. ಆತ ಸ್ವಲ್ಪ ಹೊತ್ತು ಯೋಚಿಸಿದ. "ಮುಂದಿನ ಗಾಡಿಯ ಹಿಂಬದಿಯನ್ನು ನೋಡಿದೆ, ಕೆಂಪು ದೀಪಗಳನ್ನು ನೋಡಿದೆ. ಬೀದಿಯ ಎರಡೂ ಬದಿಗೆ ನಿಂತ ಜನ ನಮ್ಮ ಚಿತ್ರ ತೆಗೆಯುತ್ತಿದ್ದರು. ನಾವು ಊರು ನೋಡಲು ಹೊರಟಿದ್ದೆವು. ಊರು ನಮ್ಮನ್ನು ನೋಡಿತು."

ನಾನೂ ನಕ್ಕೆ. ಆ ಮಾತು ಮರುದಿನ ನನ್ನ ಕಡೆಗೇ ತಿರುಗೀತೆಂದು ಆಗ ತಿಳಿದಿರಲಿಲ್ಲ.

ನಮ್ಮ ಸೀಮೆಯಲ್ಲಿ ಗೋ-ಕಾರ್ಟಿನ ಸ್ಥಾನವನ್ನು ರಬ್ಬರಿನ ತೆಪ್ಪ ವಹಿಸಿಕೊಂಡಿದೆ. ದಾಂಡೇಲಿಯೆಂದರೆ ನನ್ನ ಬಾಲ್ಯದಲ್ಲಿ ಕಾಗದದ ಕಾರ್ಖಾನೆ ಮತ್ತು ತೇಗದ ಮರ. 1956ರಲ್ಲಿ ಅಲ್ಲಿ ವನ್ಯಧಾಮವಾಯಿತು. 2007ರಲ್ಲಿ ಅದೂ ಅಣಶಿಯ ರಾಷ್ಟ್ರೀಯ ಉದ್ಯಾನವೂ ಕೂಡಿ ಹುಲಿಗಳ ರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರನ್ನೇ ಇಟ್ಟರು. ಈಗ ದಾಂಡೇಲಿಯೆಂದರೆ ಜೀಪಿನಲ್ಲಿ ಕಾಡು ಸುತ್ತುವುದು, ಮಂಗಟ್ಟೆ ಹಕ್ಕಿಗಳನ್ನು ನೋಡುವುದು, ಗಣೇಶಗುಡಿಯಲ್ಲಿ ತೆಪ್ಪವೇರಿ ಕಾಳಿಯ ರಭಸಕ್ಕೆ ಮೈಯೊಡ್ಡುವುದು. ಇದರಿಂದ ನೂರಾರು ಹುಡುಗರ ಹೊಟ್ಟೆ ಹೊರೆಯುತ್ತಿದೆ. ಗೋವೆಗೆ ಹೋಗಿ ತಟ್ಟೆ ತೊಳೆಯಬೇಕಿದ್ದ ನನ್ನ ಸೋದರಳಿಯ ತನ್ನ ಅಂಗಳದಲ್ಲಿಯೇ ಯಜಮಾನನಾಗಿದ್ದಾನೆ. ಆದುದರಿಂದ ತೆಪ್ಪದ ಆಟವನ್ನು ಹಳಿಯುವ ಉದ್ದೇಶ ನನಗಿಲ್ಲ.

ಮರುದಿನ ಬೆಳಿಗ್ಗೆ ನಾವು ನದಿಯ ದಡಕ್ಕೆ ಹೋದೆವು. ಟೋಕಿಯೋದಂತೆ ಇಲ್ಲಿ ಭಾಷಾಂತರದ ಕಾಗದವನ್ನು ಯಾರೂ ಕೇಳಲಿಲ್ಲ. ನಡೆಯುವುದಕ್ಕೆಲ್ಲ ನಾನೇ ಹೊಣೆಯೆಂಬ ಒಂದು ಹಾಳೆಗೆ ಸಹಿ. ತಲೆಗೆ ಹೆಲ್ಮೆಟ್, ಮೈಗೆ ಲೈಫ್ ಜಾಕೆಟ್, ಕೈಗೆ ಹುಟ್ಟು. ಆದರೂ ನಾವು ಸುಮ್ಮನೆ ಕಾಯುತ್ತ ಕುಳಿತೆವು. ಬಂಡೆಗಳ ನಡುವೆ ನೀರು ಸೊರಗಿತ್ತು. ಹತ್ತು ಗಂಟೆ ದಾಟಿದ ಮೇಲೆ ದಡದ ಹುಡುಗರಲ್ಲಿ ಒಮ್ಮೆಲೇ ಗದ್ದಲವೆದ್ದಿತು: "ನೀರು ಬಿಟ್ಟಿದ್ದಾರೆ! ನೀರು ಬಿಟ್ಟಿದ್ದಾರೆ!"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆಕೆ ಕೇಳಿದಳು: "ಬಿಟ್ಟವರು ಯಾರು?"

ಉತ್ತರ ಸುಲಭವಾಗಿತ್ತು. ಮೇಲೆ ಸೂಪಾ ಅಣೆಕಟ್ಟು ಇದೆ, ಎತ್ತರ 101 ಮೀಟರು. ಅದರ ಬುಡದ ವಿದ್ಯುದಾಗಾರದಲ್ಲಿ ತಲಾ 50 ಮೆಗಾವಾಟಿನ 2 ಯಂತ್ರಗಳಿವೆ. ಅವು ತಿರುಗಿದಾಗ ಹೊರಬೀಳುವ ನೀರೇ ಈ ತೆಪ್ಪಗಳನ್ನು ತೇಲಿಸುವುದು. ಅದೇ ನೀರು ಮುಂದೆ ಬೊಮ್ಮನಹಳ್ಳಿಯಲ್ಲಿ ನಿಂತು, ಸುರಂಗದ ಮೂಲಕ ನಾಗಝರಿಗೆ ಇಳಿದು ಮತ್ತೆ ವಿದ್ಯುತ್ತಾಗುತ್ತದೆ. ಡಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ 184 ಕಿಲೋಮೀಟರಿನ ಈ ನದಿ, ನಡುದಾರಿಯಲ್ಲಿ ಹೀಗೆ ಹಲವು ಕಡೆ ದುಡಿದು ಹೋಗುತ್ತದೆ. ಇಷ್ಟನ್ನೂ ನಾನು ತರಗತಿಯಲ್ಲಿ ಹೇಳುವಂತೆ ಒಪ್ಪಿಸಿದೆ. ಎಂಜಿನಿಯರನ ಮುಖ ಅರಳಿತು.

ಆಕೆ ಮಾತ್ರ ಬಿಡಲಿಲ್ಲ. "ಸೂಪಾ ಎಂದರೇನು?"

"ಒಂದು ಊರಿನ ಹೆಸರು."

"ಆ ಊರು ಎಲ್ಲಿದೆ?"

ನಾನು ಕೈಯೆತ್ತಿ ಅಣೆಕಟ್ಟಿನ ಕಡೆಗೆ ತೋರಿಸಿದೆ. ತೋರಿಸಿದ ಕೈ ಅಲ್ಲಿಯೇ ನಿಂತಿತು. ಮುಂದಿನ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಮಾರ್ಗದರ್ಶಕ ಹುಡುಗ ಕೂಗಿದ, ತೆಪ್ಪ ನೀರಿಗಿಳಿಯಿತು. ಮುಂದಿನ ಒಂದೂವರೆ ಗಂಟೆಯ ಕಾಲ ನೊರೆಯಲ್ಲಿ ಮುಳುಗಿ ಏಳುವುದರ ಹೊರತು ಯಾವ ವಿಚಾರಕ್ಕೂ ಅವಕಾಶವಿರಲಿಲ್ಲ. ಆತ ಮಗುವಿನಂತೆ ಕೇಕೆ ಹಾಕಿದ. ನಾನು, ವಯಸ್ಸಿಗೆ ತಕ್ಕುದಲ್ಲವೆಂದು ಅರಿತೂ, ಹಾಕಿದೆ. ಆಕೆ ಎರಡು ಬಾರಿ ತಿರುಗಿ ಅಣೆಕಟ್ಟಿನ ದಿಕ್ಕಿಗೆ ನೋಡಿದ್ದನ್ನು ಮಾತ್ರ ಗಮನಿಸಿದೆ.

ಓದುಗರಲ್ಲಿ ಒಂದು ನಿಜವನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ಕಾಳಿಯೂ ಪಾಂಡ್ರಿಯೂ ಕೂಡುವಲ್ಲಿ ಇದ್ದ ಸೂಪಾ ನನಗೆ ಭೂಪಟದ ಹೆಸರು ಮಾತ್ರವಲ್ಲ. ನನ್ನ ಸೋದರತ್ತೆಯನ್ನು ಅಲ್ಲಿಗೆ ಕೊಟ್ಟಿತ್ತು. ತಾಲ್ಲೂಕಿಗೂ ಆ ಊರಿನದೇ ಹೆಸರಾಗಿತ್ತು. ಊರು ಮುಳುಗಿದ ಮೇಲೆ ಜೋಯಿಡಾ ಮುಖ್ಯಸ್ಥಳವಾಯಿತು. ಊರು ಬಿಟ್ಟ ಅನೇಕರಿಗೆ ರಾಮನಗರದಲ್ಲಿ ನೆಲೆ ದೊರೆಯಿತು. ಅತ್ತೆಯ ಮನೆಯವರಿಗೂ ಅಲ್ಲಿಯೇ. ಹಬ್ಬಹುಣ್ಣಿಮೆಗೆ ನಾನು ಅಲ್ಲಿಗೆ ಹೋಗಿದ್ದೇನೆ, ಉಂಡಿದ್ದೇನೆ, ಸೀರೆ ಉಡುಗೊರೆ ಕೊಟ್ಟು ಬಂದಿದ್ದೇನೆ. ಆದರೆ "ಅತ್ತೇ, ನಿಮ್ಮ ಊರು ಹೇಗಿತ್ತು?" ಎಂದು ಈ ನಲವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಅಳಿಸಿದಂತಾದೀತು ಎಂದು ಮೊದಮೊದಲು ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಇದನ್ನು ಅವರಿಗೆ ಹೇಳಿದೆ. ಸಂಜೆ ಕುಳಗಿಯಿಂದ ಜೀಪಿನಲ್ಲಿ ಕಾಡಿಗೆ ಹೋಗುವುದೆಂದು ನಿಶ್ಚಯವಾಗಿತ್ತು, ಹಣವನ್ನೂ ಕಟ್ಟಿತ್ತು. ಗಂಡಹೆಂಡಿರು ತಮ್ಮ ಭಾಷೆಯಲ್ಲಿ ಏನೋ ಮಾತನಾಡಿಕೊಂಡರು. ಬಳಿಕ ಆಕೆ, "ಹುಲಿ ನಮಗೆ ಕಾಣುವುದೆಂಬ ಭರವಸೆಯಿಲ್ಲ. ನಿಮ್ಮ ಅತ್ತೆ ಮನೆಯಲ್ಲಿರುವುದು ಖಂಡಿತ ತಾನೆ?" ಎಂದಳು.

ಜಗಲಬೇಟಿನ ಮಾರ್ಗವಾಗಿ ರಾಮನಗರಕ್ಕೆ ಹೋದೆವು. ಅತ್ತೆಗೆ ಎಂಬತ್ತು ದಾಟಿದೆ. ಅವಳ ಮಾತಿನಲ್ಲಿ ಕನ್ನಡಕ್ಕಿಂತ ಕೊಂಕಣಿಯ ಪಾಲು ಹೆಚ್ಚು. ಅವಳು ಹೇಳಿದ್ದನ್ನು ನಾನು ಇಂಗ್ಲಿಷಿಗೆ ತರುತ್ತಿದ್ದೆ, ಆಕೆ ಅದನ್ನು ಗಂಡನಿಗೆ ಜರ್ಮನಿಗೆ ತಿರುಗಿಸುತ್ತಿದ್ದಳು. ಹೀಗೆ ಒಂದೊಂದು ಮಾತು ಮೂರು ಹೊಳೆಗಳನ್ನು ದಾಟಬೇಕಾಯಿತು. ಅತ್ತೆ ಮೊದಲು ಕರಡಿಯ ಚಿತ್ರವನ್ನು ನೋಡಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ಈ ಪ್ರಾಯದಲ್ಲಿ ಸೋಗು ಹಾಕಿ ಬೀದಿಗೆ ಹೋದರೆ ಆ ಊರಿನವರು ಬೈಯಲಿಲ್ಲವೇ?" ಎಂದಳು. ಆಮೇಲೆ ನನ್ನ ಕಡೆಗೆ ತಿರುಗಿ ಕೇಳಿದಳು:

"ತಮ್ಮಾ, ನೀರು ತಣ್ಣಗಿತ್ತೇನೋ?"

"ಬಹಳ ತಣ್ಣಗಿತ್ತು, ಅತ್ತೇ."

"ನಮ್ಮ ಹೊಳೆ ಹಾಗಿರಲಿಲ್ಲ" ಎಂದಳು ಅತ್ತೆ. "ಮಧ್ಯಾಹ್ನಕ್ಕೆ ಬಟ್ಟೆ ಒಗೆಯಲು ಇಳಿದರೆ ನೀರು ಬೆಚ್ಚಗೆ ಕಾಲು ಹಿಡಿಯುತ್ತಿತ್ತು."

ಎಂಜಿನಿಯರ್ ತಲೆಯಾಡಿಸಿದ. ಆಳವಾದ ಜಲಾಶಯದಲ್ಲಿ ಬಿಸಿಲು ಕುಡಿದ ನೀರು ಮೇಲೆಯೇ ನಿಲ್ಲುತ್ತದೆ. ಯಂತ್ರಗಳಿಗೆ ಹೋಗುವುದು ಕೆಳಗಿನ ತಣ್ಣನೆಯ ನೀರು. ಆದುದರಿಂದ ಮುದುಕಿಯ ಮಾತು ಶಾಸ್ತ್ರಕ್ಕೂ ಸರಿ ಎಂದು ವಿವರಿಸಿದ. ಅತ್ತೆಗೆ ಅದನ್ನು ಹೇಳಿದೆ. "ಶಾಸ್ತ್ರ ಯಾಕೆ, ನನ್ನ ಕಾಲಿಗೆ ಗೊತ್ತಿಲ್ಲವೇ?" ಎಂದು ಅವಳು ಮತ್ತೆ ನಕ್ಕಳು. ಆದರೆ ನಗು ಬೇಗನೆ ನಿಂತಿತು. ಆಮೇಲೆ ತಾನಾಗಿಯೇ ಹೇಳತೊಡಗಿದಳು: ಹೊಳೆಗೆ ಇಳಿಯುವ ದಾರಿಯಲ್ಲಿ ಯಾರ ಯಾರ ಮನೆಗಳಿದ್ದವು, ಯಾರ ಅಂಗಳದಲ್ಲಿ ಹಲಸಿನ ಮರವಿತ್ತು, ಊರು ಬಿಡುವ ದಿನ ಒರಳುಕಲ್ಲನ್ನು ಹೊರಲಾರದೆ ಹೇಗೆ ಅಲ್ಲಿಯೇ ಬಿಟ್ಟರು. ಮನೆಗಳನ್ನು ಎಣಿಸುವಾಗ ಅವಳ ಬೆರಳುಗಳು ತೊಡೆಯ ಮೇಲೆ ಒಂದೊಂದಾಗಿ ಮಡಚಿಕೊಂಡವು. ಒಂದು ಮನೆಯ ಹೆಸರು ನೆನಪಾಗದೆ ಬಹಳ ಹೊತ್ತು ತಡೆದಳು. ಜ್ಞಾಪಿಸಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ನಾನಂತೂ ಎಂದೂ ಕೇಳಿದವನಲ್ಲ.

ಮರಳಿ ಬರುವಾಗ ದಂಪತಿಗಳು ಮುಂಡಗೋಡಿನ ಮಾತೆತ್ತಿದರು. ಅಲ್ಲಿ 1966ರಲ್ಲಿ ನೆಲೆಯಾದ ಟಿಬೇಟಿಯನ್ನರ ಡೋಗುಲಿಂಗ್ ವಸಾಹತಿನ ಮಠಗಳಲ್ಲಿ ಎರಡು ದಿನ ತಂಗಬೇಕೆಂದು ಅವರಿಗೆ ಆಸೆ. ಆದರೆ ವಿದೇಶೀಯರು ಅಲ್ಲಿ ಉಳಿಯಬೇಕಾದರೆ ಸರಕಾರದ ಪೂರ್ವಾನುಮತಿ ಬೇಕು. ಇವರು ಅದನ್ನು ಪಡೆದಿರಲಿಲ್ಲ. "ನೆಲ ಕಳೆದುಕೊಂಡವರನ್ನು ನೋಡಲು ಅಲ್ಲಿ ಒಂದು ಕಾಗದ ಬೇಕು" ಎಂದಳು ಆಕೆ. "ಇಲ್ಲಿ ಯಾವ ಕಾಗದವೂ ಬೇಡ. ಆದರೂ ನೀವು ಹೇಳದಿದ್ದರೆ ನಾವು ಅವರ ಊರಿನ ನೀರಿನ ಮೇಲೆ ತೇಲಿ, ಕೇಕೆ ಹಾಕಿ ಹೋಗಿಬಿಡುತ್ತಿದ್ದೆವು."

ನಾನು ಹೇಳಿದ್ದಲ್ಲ, ಅವಳು ಕೇಳಿದ್ದು. ಅದನ್ನು ಒಪ್ಪಿಕೊಂಡೆ.

ವೇಗದ ವಾಹನಗಳ ಮೇಲೆ ನನಗೆ ಮುನಿಸಿಲ್ಲ. ಪ್ರವಾಸಿಗೆ ಸಂತೋಷವೂ ಬೇಕು. ಊರಿಗೆ ಅನ್ನವೂ ಬೇಕು. ಆದರೆ ಗೋ-ಕಾರ್ಟಿರಲಿ, ತೆಪ್ಪವಿರಲಿ, ಅದು ತನ್ನ ಓಟವನ್ನು ಮಾತ್ರ ತೋರಿಸಬಲ್ಲುದು. ಉಳಿದುದನ್ನು ಊರಿನವರು ಬಾಯಿಬಿಟ್ಟು ಹೇಳಬೇಕು. ಹೇಳಬೇಕಾದರೆ ಮೊದಲು ನಾವು ನಮ್ಮವರನ್ನು ಕೇಳಿ ತಿಳಿದಿರಬೇಕು. ಆ ಭಾಷಾಂತರ ಯಾವ ಕಚೇರಿಯಲ್ಲಿಯೂ ಸಿಕ್ಕುವುದಿಲ್ಲ. ಅದನ್ನು ಬಲ್ಲವರು ರಾಮನಗರದಲ್ಲಿ ವರ್ಷವರ್ಷವೂ ಕಡಮೆಯಾಗುತ್ತಿದ್ದಾರೆ.

ಸೋದರಳಿಯನಿಗೆ ಒಂದು ಸಣ್ಣ ಸೂಚನೆ ಕೊಟ್ಟು ಬಂದೆ. ಹುಟ್ಟು ಹಿಡಿಯುವ ಬಗೆಯನ್ನು ಕಲಿಸುವಾಗ, ಈ ನೀರು ಎಲ್ಲಿಂದ ಬಂದಿತು, ಅಲ್ಲಿ ಯಾವ ಊರಿತ್ತು ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳು ಎಂದೆ. "ಹೇಳುತ್ತೇನೆ ಮಾಮಾ. ಆದರೆ ಜನರಿಗೆ ಬೇಸರವಾದೀತು" ಎಂದ ಅವನು. ಆಗಲಿ, ಎರಡು ವಾಕ್ಯಗಳ ಬೇಸರ ತಾನೆ?

ನಾನು ಬರುವ ಭಾನುವಾರ ಮತ್ತೆ ರಾಮನಗರಕ್ಕೆ ಹೋಗುವವನಿದ್ದೇನೆ. ಮರೆತುಹೋದ ಆ ಮನೆಯ ಹೆಸರು ನೆನಪಾಯಿತೆಂದು ಅತ್ತೆ ಫೋನಿನಲ್ಲಿ ಹೇಳಿದ್ದಾಳೆ. ಈ ಸಲ ಒಂದು ನೋಟುಪುಸ್ತಕವನ್ನು ತೆಗೆದುಕೊಂಡು ಹೋಗುತ್ತೇನೆ.