ಹಳೆಯ ಮರಕೊಯ್ಯುವ ಯಂತ್ರದ ರೋಗಪರೀಕ್ಷೆ

ಕಲಾ ಕಾಲೇಜಿನ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಮಲೆನಾಡಿನ ಮಳೆಗಾಲವೇ ಇದಕ್ಕೆ ಉತ್ತರ. ಕಳೆದ ಆಷಾಢದ ಗಾಳಿಗೆ ನನ್ನ ಸೋದರಮಾವನ ತೋಟದ ದಾರಿಗೆ ಅಡ್ಡಲಾಗಿ ಒಂದು ಸಿಲ್ವರ್ ಓಕ್ ಮರ ಉರುಳಿತು. ಅತ್ತೆ ಡೈರಿಗೆ ಹಾಲು ಒಯ್ಯುವ ದಾರಿಯೂ ಅದೇ, ನಾನು ಬಸ್ಸು ಹಿಡಿಯುವ ದಾರಿಯೂ ಅದೇ. ಇಪ್ಪತ್ತು ವರ್ಷದ ಹಿಂದೆ ಕೊಂಡ ಪೆಟ್ರೋಲ್ ಗರಗಸವೊಂದು ಕೊಟ್ಟಿಗೆಯ ಅಟ್ಟದ ಮೇಲೆ ಎರಡು ವರ್ಷದಿಂದ ಮಲಗಿತ್ತು. ಹಗ್ಗವನ್ನು ಎಷ್ಟು ಎಳೆದರೂ ಅದು ಉಸಿರೆತ್ತಲಿಲ್ಲ. ಪೇಟೆಯ ರಿಪೇರಿಯವನು ಬಿಚ್ಚಿಯೂ ನೋಡದೆ “ಹೊಸದು ತಗೊಳ್ಳಿ” ಎಂದುಬಿಟ್ಟ. ಆಗ ಜಗಲಿಯ ಮೇಲೆ ಗೋಣಿ ಹಾಸಿ ಕುಳಿತು ನಾವು ಕಲಿತದ್ದನ್ನು ಇಲ್ಲಿ ಹೇಳಬಯಸುತ್ತೇನೆ.

ಈ ಎಂಜಿನಿಗೆ ಬೇಕಾದುವು ಮುಖ್ಯವಾಗಿ ಮೂರು: ಗಾಳಿಯೊಡನೆ ಬೆರೆತ ಇಂಧನ, ಸಕಾಲದಲ್ಲಿ ಕಿಡಿ, ಸಿಲಿಂಡರಿನೊಳಗೆ ಒತ್ತಡ. ಎಂಜಿನು ಚಾಲೂ ಆಗದಿದ್ದರೆ ಈ ಮೂರರಲ್ಲಿ ಒಂದು ಕೊರತೆಯಾಗಿದೆ ಎಂದೇ ತಿಳಿಯಬೇಕು. ವೈದ್ಯನು ಮೊದಲು ನಾಡಿ ನೋಡುವನೇ ಹೊರತು ಹೊಟ್ಟೆ ಕೊಯ್ಯುವುದಿಲ್ಲ. ಹಾಗೆಯೇ ಕಂಡ ತಿರುಪುಗಳನ್ನೆಲ್ಲ ಒಮ್ಮೆಗೇ ಬಿಚ್ಚಕೂಡದು.

ಯಂತ್ರದ ನಾಡಿ ಎಂದರೆ ಸ್ಪಾರ್ಕ್ ಪ್ಲಗ್ಗು. ಚೋಕ್ ಹಾಕಿ ಹಗ್ಗವನ್ನು ಏಳೆಂಟು ಬಾರಿ ಎಳೆದು ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದು ಒಣಗಿದ್ದರೆ ಇಂಧನ ಒಳಕ್ಕೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಇಂಧನ ಬಂದಿದೆ, ಆದರೆ ಕಿಡಿ ಇಲ್ಲ ಅಥವಾ ಇಂಧನ ಮಿತಿಮೀರಿದೆ. ಪ್ಲಗ್ಗಿನ ಮಸಿಯನ್ನು ತೆಗೆದು, ತುದಿಯ ಎಡೆಯನ್ನು ಸುಮಾರು ಅರ್ಧ ಮಿಲಿಮೀಟರಿಗೆ ಸರಿಪಡಿಸಬೇಕು. ಆಮೇಲೆ ಪೆಟ್ರೋಲಿನ ಡಬ್ಬಿಯನ್ನು ದೂರವಿಟ್ಟು, ಪ್ಲಗ್ಗನ್ನು ಅದರ ರಂಧ್ರದಿಂದ ದೂರದಲ್ಲಿ ಎಂಜಿನಿನ ಲೋಹಕ್ಕೆ ತಾಗಿಸಿ, ರಬ್ಬರು ಹಿಡಿಯ ಇಕ್ಕಳದಿಂದ ಹಿಡಿದು ಹಗ್ಗವನ್ನು ಎಳೆದರೆ ಕಿಡಿ ಕಾಣಬೇಕು. ಕಾಣದಿದ್ದರೆ ಹೊಸ ಪ್ಲಗ್ಗು ಹಾಕಿ ನೋಡುವುದು. ಆಗಲೂ ಬಾರದಿದ್ದರೆ ಸ್ವಿಚ್ಚಿನ ತಂತಿಯನ್ನೂ ಕಾಯಿಲನ್ನೂ ಸಂಶಯಿಸುವುದು.

ನಮ್ಮ ಪ್ಲಗ್ಗು ಒಣಗಿತ್ತು. ಆದುದರಿಂದ ಇಂಧನದ ದಾರಿಯನ್ನು ಹಿಡಿದು ಹೊರಟೆವು. ಟ್ಯಾಂಕಿನಲ್ಲಿ ಎರಡು ವರ್ಷದ ಪೆಟ್ರೋಲು ಅಂಟಾಗಿ ಕುಳಿತಿತ್ತು. ಈಗ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ರಬ್ಬರು ಕೊಳವೆಗಳನ್ನು ಕೆಡಿಸುತ್ತದೆ. ಹಳೆಯ ಇಂಧನವನ್ನು ಚೆಲ್ಲಿ, ಟ್ಯಾಂಕಿನೊಳಗೆ ಕೊಳವೆಯ ತುದಿಗಿರುವ ಪುಟ್ಟ ಫಿಲ್ಟರನ್ನು ಕೊಕ್ಕೆಯ ತಂತಿಯಿಂದ ಹೊರಗೆಳೆದೆವು. ಅದು ಪಾಚಿಗಟ್ಟಿದಂತೆ ಮುಚ್ಚಿಹೋಗಿತ್ತು.

ಫಿಲ್ಟರು ಬದಲಾಯಿಸಿದರೂ ಎಂಜಿನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಉಳಿದದ್ದು ಕಾರ್ಬುರೇಟರು. ಗರಗಸವನ್ನು ಓರೆಯಾಗಿಯೂ ಅಡ್ಡವಾಗಿಯೂ ಹಿಡಿಯಬೇಕಾದುದರಿಂದ, ಸ್ಕೂಟರಿನದರಲ್ಲಿರುವಂತೆ ಇದರಲ್ಲಿ ತೇಲುವ ಬುರುಡೆ ಇಲ್ಲ. ಅದರ ಬದಲು ತೆಳುವಾದ ಪೊರೆಗಳು ಮಿಡಿದು ಇಂಧನವನ್ನು ಸೆಳೆದು ಹದವಾಗಿ ಬಿಡುತ್ತವೆ. ಈ ಪೊರೆ ಮೃದುವಾಗಿರಬೇಕು. ನಮ್ಮದು ಒಣ ಹಪ್ಪಳದಂತೆ ಗರಿಗರಿ ಎನ್ನುತ್ತಿತ್ತು. ಪೊರೆಗಳೂ ಗ್ಯಾಸ್ಕೆಟ್ಟುಗಳೂ ಒಟ್ಟಾಗಿ ಅಂಗಡಿಯಲ್ಲಿ ಸಿಗುತ್ತವೆ. ಬಿಚ್ಚುವಾಗ ಒಂದೊಂದು ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಜೋಡಿಸುವಾಗ ಅನುಕ್ರಮ ತಪ್ಪದು.

ಹೊಸ ಇಂಧನಕ್ಕೆ ಎರಡು-ಹೊಡೆತದ ಎಂಜಿನಿನ ಆಯಿಲು ಬೆರೆಸಲೇಬೇಕು. ಒಳಭಾಗಗಳಿಗೆ ಜಿಡ್ಡು ಸಿಗುವುದು ಅದೊಂದರಿಂದಲೇ. ಈಚಿನ ಯಂತ್ರಗಳಿಗೆ ಸಾಮಾನ್ಯವಾಗಿ ಲೀಟರಿಗೆ 20 ಮಿ.ಲೀ., ಅನೇಕ ಹಳೆಯವಕ್ಕೆ 40 ಮಿ.ಲೀ.; ಯಂತ್ರದ ಕೈಪಿಡಿಯ ಮಾತೇ ಪ್ರಮಾಣ. ಬರಿಯ ಪೆಟ್ರೋಲು ಹಾಕಿದರೆ ಪಿಸ್ಟನ್ನು ಗೀರಿ ಹಿಡಿದುಕೊಳ್ಳುತ್ತದೆ. ಸೈಲೆನ್ಸರ್ ಬಿಚ್ಚಿ ಅಲ್ಲಿಯ ರಂಧ್ರದಿಂದ ಇಣುಕಿದರೆ ಪಿಸ್ಟನ್ನಿನ ಮೈ ಕಾಣುತ್ತದೆ. ಅದು ನುಣುಪಾಗಿದ್ದರೆ ಸಂತೋಷ. ಆಳವಾದ ಗೀರುಗಳಿದ್ದರೆ ಒತ್ತಡ ಹೋಗಿದೆ. ಅದು ಜಗಲಿಯ ಮೇಲಿನ ರಿಪೇರಿಯಲ್ಲ.

ಮೂರನೆಯ ದಿನ ನಾಲ್ಕನೆಯ ಎಳೆತಕ್ಕೆ ಎಂಜಿನು ಗುಡುಗಿತು. “ಎದ್ದೇಬಿಡ್ತಲ್ಲೋ! ಬಾ, ಮರ ಕೊಯ್ಯೋಣ” ಎಂದು ಮಾವ ಹೊರಟೇಬಿಟ್ಟರು. ನಿಜವಾದ ಅಪಾಯ ಬಂದದ್ದು ಆಗಲೇ.

ಮುಂಗೈ ಹಿಡಿಯ ಎದುರಿಗೆ ಒಂದು ತಡೆಹಲಗೆ ಇರುತ್ತದೆ. ಅದನ್ನು ಮುಂದಕ್ಕೆ ತಳ್ಳಿದರೆ ಬ್ರೇಕು ಬಿಗಿದು ಸರಪಳಿ ತಟ್ಟನೆ ನಿಲ್ಲಬೇಕು. ಓಡುವ ಪಟ್ಟಿಯ ಮೂತಿಯ ಮೇಲುಭಾಗ ಮರಕ್ಕೆ ತಗಲಿದರೆ ಗರಗಸ ಕಣ್ಣು ಮಿಟುಕಿಸುವುದರೊಳಗೆ ಕೊಯ್ಯುವವನ ಮುಖದತ್ತ ಹಾರುತ್ತದೆ. ಆ ಗಳಿಗೆಗಾಗಿ ಇರುವುದೇ ಈ ಬ್ರೇಕು. ಯಂತ್ರವನ್ನು ನೆಲಕ್ಕೆ ಊರಿ, ಎರಡೂ ಕೈಗಳಿಂದ ಹಿಡಿದು, ಮಣಿಕಟ್ಟಿನಿಂದ ತಡೆಹಲಗೆಯನ್ನು ನೂಕಿ ನೋಡಿದೆ. ಸರಪಳಿ ಓಡುತ್ತಲೇ ಇತ್ತು.

“ಅದು ಕೆಟ್ಟು ನಾಲ್ಕು ವರ್ಷ ಆಯ್ತು. ಅದಿಲ್ಲದೇ ಕೊಯ್ದಿಲ್ವೇನು?” ಎಂದರು ಮಾವ. ಅವರ ಎಡಮೊಣಕಾಲಿನ ಮೇಲೆ ಗೇಣುದ್ದದ ಕಲೆಯಿದೆ. ನಾನು ಮಾತಾಡದೆ ಅದನ್ನೇ ನೋಡಿದೆ. ಅವರೂ ನೋಡಿಕೊಂಡರು. ಯಂತ್ರವನ್ನು ಕೆಳಗಿಟ್ಟರು.

ಪ್ಲಗ್ಗಿನ ತಂತಿ ತೆಗೆದು ಪಕ್ಕದ ಮುಚ್ಚಳ ಬಿಚ್ಚಿದಾಗ, ಬ್ರೇಕಿನ ಉಕ್ಕಿನ ಪಟ್ಟಿ ಹೊಟ್ಟು-ಎಣ್ಣೆಗಳ ಮೆತ್ತೆಯಲ್ಲಿ ಹೂತುಹೋಗಿತ್ತು; ಸವೆದು ತೆಳುವಾಗಿಯೂ ಇತ್ತು. ಹೊಸ ಪಟ್ಟಿ ಪೇಟೆಯಿಂದ ಬರಲು ಎರಡು ದಿನ ಹಿಡಿಯಿತು. ಆ ಎರಡು ದಿನವೂ ಅತ್ತೆ ಹಾಲಿನ ಕ್ಯಾನು ಹೊತ್ತು ಬೇಲಿ ಸುತ್ತಿ ನಡೆದರು. ಮಾವ ಮಾತ್ರ ಯಂತ್ರವನ್ನು ಮುಟ್ಟಲಿಲ್ಲ.

ಈ ಬಿಡುವಿನಲ್ಲಿ ಸರಪಳಿಯ ಹಲ್ಲುಗಳನ್ನು ಹರಿತ ಮಾಡಿದೆವು. 1947ರಲ್ಲಿ ಅಮೆರಿಕದ ಜೋಸೆಫ್ ಕಾಕ್ಸ್ ಎಂಬುವನು ಮರ ಕೊರೆಯುವ ಹುಳುವಿನ ದವಡೆಗಳನ್ನು ಗಮನಿಸಿ, ಎಡಬಲಕ್ಕೆ ಬಾಗಿದ ಹಲ್ಲಿನ ಈ ಬಗೆಯ ಸರಪಳಿಯನ್ನು ತಯಾರಿಸಿದನಂತೆ. ಸರಪಳಿಗೆ ತಕ್ಕ ಅಳತೆಯ ದುಂಡು ಅರವನ್ನು ಹಲ್ಲಿನ ಒಳಗಿನಿಂದ ಹೊರಕ್ಕೆ, ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಒಂದೇ ದಿಕ್ಕಿಗೆ ಉಜ್ಜಬೇಕು. ಪ್ರತಿ ಹಲ್ಲಿಗೂ ಉಜ್ಜುವ ಸಂಖ್ಯೆ ಒಂದೇ ಆಗಿರಲಿ. ಒಂದು ಬದಿಯ ಹಲ್ಲು ಗಿಡ್ಡವಾದರೆ ಕೊಯ್ತ ಸೊಟ್ಟಗೆ ಹೋಗುತ್ತದೆ. ಹರಿತವಾದ ಸರಪಳಿ ಚಕ್ಕೆಗಳನ್ನು ಉದುರಿಸುತ್ತದೆ, ಮೊಂಡಾದದ್ದು ಹಿಟ್ಟು ಉದುರಿಸುತ್ತದೆ. ಹಿಟ್ಟು ಕಂಡರೆ ಕೊಯ್ಯುವುದನ್ನು ನಿಲ್ಲಿಸತಕ್ಕದ್ದು. ಮೊಂಡು ಗರಗಸವನ್ನು ಮೈಭಾರ ಬಿಟ್ಟು ಒತ್ತಿದ್ದೇ ಮಾವನ ಗಾಯಕ್ಕೆ ಕಾರಣವಂತೆ. ಈ ಸಂಗತಿಯನ್ನು ಅವರು ನಮಗೆ ಹೇಳಿದ್ದು ಅಂದೇ ಮೊದಲು.

ಇನ್ನೊಂದು ಮಾತು. ವೇಗ ತಗ್ಗಿಸಿದಾಗಲೂ ಸರಪಳಿ ತಿರುಗುತ್ತಿದ್ದರೆ ಎಂಜಿನಿನ ನಿಧಾನಗತಿಯನ್ನು ಇಳಿಸಬೇಕು. ಆಗಲೂ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗು ನೋಡಬೇಕು. ಪಟ್ಟಿಯ ಮೂತಿಯನ್ನು ಬಿಳಿಯ ರಟ್ಟಿನ ಎದುರು ಹಿಡಿದು ಎಂಜಿನು ಏರಿಸಿದಾಗ ಎಣ್ಣೆಯ ಗೆರೆ ಮೂಡದಿದ್ದರೆ, ಎಣ್ಣೆಯ ರಂಧ್ರ ಕಟ್ಟಿದೆ ಎಂದರ್ಥ. ಬ್ರೇಕೇ ಇಲ್ಲದ ಬಹು ಹಳೆಯ ಗರಗಸಗಳೂ ಕೆಲವು ಮನೆಗಳಲ್ಲಿವೆ. ಅವನ್ನು ಅಟ್ಟದ ಮೇಲೆಯೇ ಬಿಡುವುದು ವಿವೇಕ.

ಐದನೆಯ ದಿನ ಬೆಳಿಗ್ಗೆ ಮಾವ ದಪ್ಪ ಬೂಟು ಹಾಕಿ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಧರಿಸಿ ಮರದ ಬಳಿ ನಿಂತರು. ಕೊಯ್ಯುವ ಮೊದಲು ತಾವಾಗಿಯೇ ತಡೆಹಲಗೆಯನ್ನು ನೂಕಿದರು. ಸರಪಳಿ ತಟ್ಟನೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ದಾರಿ ತೆರವಾಯಿತು.

ಕೆಟ್ಟ ಯಂತ್ರ ಚಾಲೂ ಆದೊಡನೆ ರಿಪೇರಿ ಮುಗಿಯಿತೆಂದು ನಾವು ಹಿಗ್ಗುತ್ತೇವೆ. ಅದು ಅರ್ಧ ಕೆಲಸ ಮಾತ್ರ. ಬೇಕೆಂದಾಗ ನಿಲ್ಲುವಂತೆ ಮಾಡುವುದು ಉಳಿದರ್ಧ, ಮತ್ತು ಅದೇ ಹೆಚ್ಚಿನದು.