ಬಿಲ್ಲುಬೆನ್ನಿನ ಬಯಲ ಬಂಟ: ಬೇಟೆನಾಯಿಯ ವಂಶ ಕಾಯ್ದ ಕೂಲಿಕಾರ ಅಪ್ಪಂದಿರು

ಕೊರಳ ಹಗ್ಗ ಸಡಿಲಿಸಿದ ಮರುಗಳಿಗೆಯಲ್ಲಿ ಬೇಟೆನಾಯಿಯ ಓಟ ಕಣ್ಣಿಗೆ ನಿಲುಕುವುದಿಲ್ಲ. ನಾಗಾಲೋಟದ ಕುದುರೆ ಒಂದು ನೆಗೆತಕ್ಕೆ ಒಮ್ಮೆ ಮಾತ್ರ ನಾಲ್ಕೂ ಗೊರಸುಗಳನ್ನು ನೆಲದಿಂದ ಎತ್ತುತ್ತದೆ. ಈ ನಾಯಿಯ ನಾಲ್ಕೂ ಪಾದಗಳು ಅದೇ ಒಂದು ನೆಗೆತದಲ್ಲಿ ಎರಡು ಬಾರಿ ಗಾಳಿಯಲ್ಲಿರುತ್ತವೆ. ಮೈ ಪೂರ್ತಿ ಚಾಚಿಕೊಂಡಾಗ ಒಮ್ಮೆ, ಮುಂಗಾಲು ಹಿಂಗಾಲುಗಳು ಹೊಟ್ಟೆಯಡಿ ಕೂಡಿಕೊಂಡಾಗ ಇನ್ನೊಮ್ಮೆ. ಭೂಮಿಯ ಮೇಲಿನ ಅತಿವೇಗದ ಮೃಗವಾದ ಚೀತಾದ ಓಟಕ್ಕೂ ಇದೇ ಲಯ. ಬಿಲ್ಲಿನಂತೆ ಬಾಗಿದ ಬೆನ್ನು, ಮೊಣಕೈಯವರೆಗೂ ಇಳಿದ ಎದೆಗೂಡು, ಒಳಗೆ ಸೆಳೆದುಕೊಂಡ ಹೊಟ್ಟೆ, ಗಾಳಿ ಸೀಳಲೆಂದೇ ಕಡೆದಿಟ್ಟ ನೀಳ ಮುಖ. ಸೃಷ್ಟಿಯ ಈ ಅಪೂರ್ವ ಶಿಲ್ಪವನ್ನು ನೋಡಬೇಕೆನ್ನುವವರು ಅರಮನೆಯ ಅಂಗಳಗಳನ್ನು ಹುಡುಕಬೇಕಾಗಿಲ್ಲ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಅದು ಶೀಟು ಹೊದಿಸಿದ ಮನೆಯ ಮುಂದೆ, ಹುಣಸೆಮರದ ನೆರಳಲ್ಲಿ, ದಿನಗೂಲಿ ಮಾಡುವ ಒಬ್ಬ ಅಪ್ಪನ ಕಾಲ ಬಳಿ ಮಲಗಿರುತ್ತದೆ.

ಇಲ್ಲಿಯೇ ಏಕೆ ಎಂಬ ಪ್ರಶ್ನೆಗೆ ನೆಲವೇ ಉತ್ತರ ಕೊಡುತ್ತದೆ. ಏಕಶಿಲೆಯ ಮಹಾಬೆಟ್ಟವನ್ನು ಮುಡಿದ ಮಧುಗಿರಿ, ದುರ್ಗಗಳ ಸಾಲಿನಲ್ಲಿ ನಿಂತ ಚನ್ನರಾಯನದುರ್ಗ, ಔಷಧೀಯ ಸಸ್ಯಗಳಿಗೆ ಹೆಸರಾದ ಸಿದ್ಧರಬೆಟ್ಟ, ಪಾವಗಡದ ನಿಡಗಲ್ಲು. ಈ ಬೆಟ್ಟಗಳ ಬುಡದಿಂದ ಆಚೆಗೆ ಕಣ್ಣು ಹಾಯುವಷ್ಟೂ ತೆರೆದ ಬಯಲು. ಕಡಲೆಕಾಯಿ, ರಾಗಿಯ ಹೊಲಗಳು, ನೀರು ಬತ್ತಿದ ಕೆರೆಯಂಗಳ, ಅಲ್ಲೊಂದು ಇಲ್ಲೊಂದು ಜಾಲಿಯ ಪೊದೆ. ಮಲೆನಾಡಿನ ಕಿಕ್ಕಿರಿದ ಕಾಡಿನಲ್ಲಿ ಬೇಟೆಗಾರನಿಗೆ ಬೇಕಾದುದು ವಾಸನೆ ಹಿಡಿಯುವ ಮೂಗು ಮತ್ತು ಬೊಗಳಿ ಜಾಗ ತೋರಿಸುವ ಗಂಟಲು. ಬಯಲುಸೀಮೆಯಲ್ಲಿ ಬೇಕಾದುದು ದೂರದ ಚಲನೆಯನ್ನು ಹಿಡಿಯುವ ಕಣ್ಣು, ಕಂಡದ್ದನ್ನು ಮುಟ್ಟುವ ಕಾಲು. ಮೊಲ ಎದ್ದು ಓಡುವ ಈ ನೆಲದಲ್ಲಿ, ನೋಟದಿಂದ ಬೇಟೆಯಾಡುವ ನೀಳಕಾಲಿನ ನಾಯಿ ತಲೆಮಾರುಗಳಿಂದ ಮನೆಯ ಸದಸ್ಯನಂತಾಗಿರುವುದು ಸಹಜವೇ ಆಗಿದೆ.

ಈ ನಾಯಿಯ ಒಡೆಯ ಎಂಥವನು? ಮಾಘ, ಫಾಲ್ಗುಣದಲ್ಲಿ ಹುಣಸೆ ಬಡಿಯುವವನು, ಮುಂಗಾರಿನಲ್ಲಿ ಕಡಲೆಕಾಯಿ ಬಿತ್ತನೆಗೆ ಹೋಗುವವನು, ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ, ಬಂಡೆ ಒಡೆಯುವವನು. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸು ಹತ್ತಿ ಕಟ್ಟಡದ ಗಾರೆ ಕೆಲಸಕ್ಕೆ ನಿಲ್ಲುವವನೂ ಅವನೇ. ಅವನ ಕೈಗೆ ಬರುವ ಕೂಲಿಯಲ್ಲಿ ಮಕ್ಕಳ ಪುಸ್ತಕ, ಸಂಘದ ಸಾಲದ ಕಂತು, ತಾಯಿಯ ಮಾತ್ರೆ ಎಲ್ಲವೂ ನಡೆಯಬೇಕು. ಅದರ ನಡುವೆಯೇ ನಾಯಿಗೆ ರಾಗಿ ಅಂಬಲಿ, ಮಜ್ಜಿಗೆ, ವಾರಕ್ಕೆರಡು ಬಾರಿ ಮೊಟ್ಟೆ. "ಮಕ್ಕಳ ತಟ್ಟೇಲಿ ಇಲ್ದಿದ್ರೂ ನಿಮ್ಮ ನಾಯಿ ತಟ್ಟೇಲಿ ಮೊಟ್ಟೆ ಇರ್ಬೇಕು, ಅಲ್ವಾ?" ಎಂಬ ಮಾತು ಇಂಥ ಮನೆಗಳ ಅಡುಗೆಕೋಣೆಯಿಂದ ಕೇಳಿಬರದ ದಿನವಿಲ್ಲ. ಆದರೆ ಆತ ಬೆಂಗಳೂರಿನಲ್ಲಿದ್ದಾಗ ಅಂಬಲಿ ಕಾಯಿಸಿ, ಆರಿಸಿ, ಉಪ್ಪಿಲ್ಲದೆ ಬೇರೆ ತೆಗೆದಿಟ್ಟು ನಾಯಿಯ ಮುಂದೆ ಇಡುವವಳೂ ಆ ಮಾತನಾಡುವ ಹೆಂಡತಿಯೇ. ಬೇಟೆನಾಯಿಯ ಕಥೆಯನ್ನು ಗಂಡಸರ ಹವ್ಯಾಸವೆಂದು ಬರೆದು ಮುಗಿಸುವವರು ಈ ಕೈಯನ್ನು ಮರೆಯುತ್ತಾರೆ. ಬಾಣಂತಿ ನಾಯಿಗೆ ಗೋಣಿತಾಟು ಹಾಸುವುದು, ಕಣ್ಣು ತೆರೆಯುವ ತನಕ ಮರಿಗಳನ್ನು ಚಳಿಯಿಂದ ಕಾಯುವುದು, ಹಾಲು ಸಾಲದ ಮರಿಗೆ ಬತ್ತಿಯಲ್ಲಿ ಹಾಲು ಹಿಂಡುವುದು, ಇವೆಲ್ಲ ಮನೆಯ ಹೆಂಗಸರು ಮಕ್ಕಳ ಕೆಲಸ.

ಅಪ್ಪನ ನಿಜವಾದ ಪಾಂಡಿತ್ಯ ಕಾಣುವುದು ಮರಿ ಆರಿಸುವ ಹೊತ್ತಿನಲ್ಲಿ. ಆತ ಮರಿಯ ಅಂದ ನೋಡುವುದಿಲ್ಲ, ಮೊದಲು ತಾಯಿಯನ್ನು ನೋಡುತ್ತಾನೆ. ಆಮೇಲೆ ಮರಿಯನ್ನು ನೆಲದ ಮೇಲೆ ನಿಲ್ಲಿಸಿ ಬಾಲವನ್ನು ಮೆಲ್ಲಗೆ ಕೆಳಕ್ಕೆ ಎಳೆದು, ಅದು ಹಿಂಗಾಲಿನ ಕೀಲು ದಾಟುತ್ತದೆಯೇ ಎಂದು ಅಳೆಯುತ್ತಾನೆ. ತೀವ್ರ ವೇಗದಲ್ಲಿ ಮೊಲ ಥಟ್ಟನೆ ದಿಕ್ಕು ಬದಲಿಸಿದಾಗ ನಾಯಿಗೆ ಚುಕ್ಕಾಣಿಯಾಗುವುದು ಆ ಬಾಲವೇ. ಎರಡು ಬೆರಳನ್ನು ಮುಂಗಾಲುಗಳ ನಡುವೆ ಇಟ್ಟು ಎದೆಯ ಆಳ ನೋಡುತ್ತಾನೆ. ಶ್ವಾಸಕೋಶಕ್ಕೂ ಹೃದಯಕ್ಕೂ ಅಲ್ಲಿ ಜಾಗ ಬೇಕು. ಪಾದ ಹಿಡಿದು ಬೆರಳುಗಳ ಕಟ್ಟು ಬಿಗಿಯಾಗಿದೆಯೇ ಎಂದು ಒತ್ತುತ್ತಾನೆ. ಸಡಿಲ ಪಾದದ ನಾಯಿ ಕಲ್ಲುನೆಲದಲ್ಲಿ ಒಂದು ವರ್ಷವೂ ಬಾಳುವುದಿಲ್ಲ. ಕಡೆಯಲ್ಲಿ ಚಪ್ಪಾಳೆ ತಟ್ಟುತ್ತಾನೆ. ಬೆಚ್ಚಿ ಓಡಿದ ಮರಿಯನ್ನೂ, ನಿಂತಲ್ಲೇ ನಿಂತದ್ದನ್ನೂ ಬಿಟ್ಟು, ತಲೆಯೆತ್ತಿ ಸದ್ದಿನತ್ತ ಹೆಜ್ಜೆ ಹಾಕಿದ ಮರಿಯನ್ನು ಎತ್ತಿಕೊಳ್ಳುತ್ತಾನೆ. ಪಶುವೈದ್ಯ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಅಳತೆಪಟ್ಟಿ ಹಿಡಿದು ಮಾಡುವ ಪರೀಕ್ಷೆಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು.

ಕನ್ನಡನಾಡಿನಲ್ಲಿ ಬೇಟೆನಾಯಿಗೆ ಸಂದ ಗೌರವ ಸಾವಿರ ವರ್ಷ ಮೀರಿದ್ದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ವೀರಗಲ್ಲು ಅದರ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ಗೆದ್ದ ಸಂದರ್ಭ ಅದು. ಗಂಗ ದೊರೆ ಇಮ್ಮಡಿ ಬೂತುಗನ ಬಂಟ ಮಣಲೇರ ಆ ಸಮರದಲ್ಲಿ ಮೆರೆದ. ಬೇಕಾದುದನ್ನು ಬೇಡುವ ಅವಕಾಶ ಒದಗಿದಾಗ ಆ ಯೋಧ ಕೇಳಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಚೆಲ್ಲೇಶ್ವರನ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನೆಟ್ಟು, ಭೂಮಿ ದತ್ತಿ ಬಿಟ್ಟರು. ಆ ಭೂಮಿಯ ಫಲ ಉಣ್ಣುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿಯ ಪಾಪ ತಟ್ಟುತ್ತದೆ ಎಂದೂ ಶಾಸನದಲ್ಲಿ ಬರೆಸಿದರು. ಸಾಮ್ರಾಟರ ಯುದ್ಧದ ವರದಿಯೂ ಒಂದು ನಾಯಿಯ ಮರಣದ ವಾರ್ತೆಯೂ ಒಂದೇ ಕಲ್ಲನ್ನು ಹಂಚಿಕೊಂಡಿರುವುದು ಶಾಸನಲೋಕದ ವಿಸ್ಮಯಗಳಲ್ಲೊಂದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಸಾರಮೇಯ (ನಾಯಿ) ವಿನೋದಕ್ಕೂ ಸ್ಥಾನ ಕೊಟ್ಟ.

ಕಾಳಿಯ ಕಲ್ಲು ನಿಂತ ಕಾಲದಲ್ಲೇ, 949ರಲ್ಲಿ, ಕವಿ ರನ್ನ ಹುಟ್ಟಿದನೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಅವನ ಊರು ಮುದುವೊಳಲು, ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ಕನ್ನಡದ ಹೆಮ್ಮೆಯ ಬೇಟೆನಾಯಿಯ ತಳಿಗೆ ಜಗತ್ತು ಇಟ್ಟಿರುವುದು ಆ ಊರಿನ ಹೆಸರನ್ನೇ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಧೋಳ ಸಂಸ್ಥಾನವನ್ನು ಆಳಿದ ಮಾಲೋಜಿರಾವ್ ಘೋರ್ಪಡೆ, ಬೇಡರು ಮತ್ತು ಹಳ್ಳಿಗರ ಬಳಿಯಿದ್ದ ಈ ನಾಯಿಗಳ ಶಕ್ತಿಯನ್ನು ಗುರುತಿಸಿ ತಳಿಯನ್ನು ಪೋಷಿಸಿದರು, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಉಡುಗೊರೆಯಾಗಿ ಕೊಟ್ಟರು. ರಾಜರು ಕೀರ್ತಿ ತಂದುಕೊಟ್ಟರು ನಿಜ. ಅದಕ್ಕೂ ಮೊದಲು ಮತ್ತು ಆನಂತರವೂ ತಳಿಯನ್ನು ಜೀವಂತ ಇಟ್ಟವರು ಕುರಿ ಕಾಯುವವರು, ಕೂಲಿ ಮಾಡುವವರು. ತುಮಕೂರು ಸೀಮೆಯ ಅಪ್ಪಂದಿರು ಸೇರುವುದು ಈ ಹೆಸರಿಲ್ಲದವರ ಸಾಲಿಗೆ.

ಈ ಸೀಮೆಗೂ ತನ್ನದೇ ಚರಿತ್ರೆಯಿದೆ. 1687ರಿಂದ ಶಿರಾ ಮೊಗಲರ ಸುಬಾದ ರಾಜಧಾನಿ. ದಖ್ಖನ್ನಿನ ಅಶ್ವದಳಗಳು ದಕ್ಷಿಣಕ್ಕೆ ಇಳಿದ ದಾರಿ ಇದು. ಅದೇ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರ ಸಾಂಸ್ಕೃತಿಕ ವೀರನ ನೆಲೆ. ಹಟ್ಟಿಗಳಲ್ಲಿ ಕುರಿಮಂದೆ ಕಾಯುವ ನಾಯಿ, ಹಳ್ಳಿಗಳಲ್ಲಿ ಬೇಟೆಗೆ ಹೋಗುವ ನಾಯಿ, ಹೀಗೆ ಎರಡು ಪರಂಪರೆ ಇಲ್ಲಿ ಅಕ್ಕಪಕ್ಕ ಬೆಳೆದವು. ಯುಗಾದಿ ಕಳೆದ ಮೇಲೆ ಊರಿಗೆ ಊರೇ ಬೇಟೆಗೆ ಹೊರಡುತ್ತಿದ್ದುದು ಹಳೆಯ ಮೈಸೂರಿನ ಬಯಲು ಹಳ್ಳಿಗಳ ವಾಡಿಕೆ. ಬೇಟೆಯ ಮಾಂಸ ಹಂಚುವಾಗ ನಾಯಿಯ ಪಾಲನ್ನೂ ಎತ್ತಿಡುತ್ತಿದ್ದರು. ವರ್ಷದ ಬಹುಭಾಗ ಮುದ್ದೆ, ಸೊಪ್ಪಿನ ಸಾರಿನಲ್ಲೇ ಕಳೆಯುವ ಸಂಸಾರಕ್ಕೆ ಮೊಲದ ಮಾಂಸ ಹಬ್ಬವೇ ಆಗಿತ್ತು. ನಾಯಿಯ ಮೇಲಿನ ಪ್ರೀತಿಗೆ ಈ ಹಸಿವಿನ ಬೇರೂ ಇದೆ.

ಇಂದು ಆ ಬೇಟೆ ಇಲ್ಲ, ಇರಲೂಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊಲದಿಂದ ಕೃಷ್ಣಮೃಗದವರೆಗೆ ಎಲ್ಲಕ್ಕೂ ರಕ್ಷಣೆ ಕೊಟ್ಟಿದೆ. 2022ರ ತಿದ್ದುಪಡಿಯ ನಂತರ ಮೊಲ, ಕಾಡುಹಂದಿ ಎರಡೂ ಎರಡನೆಯ ಅನುಸೂಚಿಯಲ್ಲಿವೆ. ಬೇಟೆಯಾಡಿದವನಿಗೆ ಜೈಲೂ ಉಂಟು, ಭಾರೀ ದಂಡವೂ ಉಂಟು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನೇ ನೋಡಿ. 798 ಎಕರೆಯ ಆ ಪ್ರದೇಶ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಸುರುಳಿಕೊಂಬಿನ ಗಂಡು ಜಿಂಕೆ ಅಲ್ಲಿ ಹಾರುವ ದೃಶ್ಯ ಕರ್ನಾಟಕದ ಅತಿ ಸುಂದರ ನೋಟಗಳಲ್ಲೊಂದು. ಆ ಹುಲ್ಲುಗಾವಲಿನ ಸುತ್ತ ನಾಯಿಯ ಹಗ್ಗ ಬಿಚ್ಚುವುದು ಅಕ್ಷಮ್ಯ. ನಾಯಿಯನ್ನು ನಿಜವಾಗಿ ಬಲ್ಲ ಅಪ್ಪ ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತಾನೆ ಎಂಬುದು ನನ್ನ ನಂಬಿಕೆ. ಬಯಲಿನ ಓಟಗಾರನ ಬೆಲೆ ಅವನಿಗಿಂತ ಹೆಚ್ಚು ತಿಳಿದವರು ಯಾರು?

ಹಾಗಾದರೆ ಈ ನಾಯಿಗೆ ಈಗೇನು ಕೆಲಸ? ರಾತ್ರಿ ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳ ಸುಳಿವನ್ನು ಬೊಗಳಿ ತಿಳಿಸುವುದು, ಬೆಟ್ಟದ ಚಿರತೆ ಕೊಟ್ಟಿಗೆಯತ್ತ ಬಂದರೆ ಮನೆಯವರನ್ನು ಎಬ್ಬಿಸುವುದು. ಹೊಸ ಆಕರ್ಷಣೆ ಶ್ವಾನ ಓಟದ ಸ್ಪರ್ಧೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಜನಪ್ರಿಯವಾದ ಈ ಓಟಕ್ಕೆಂದು ತಯಾರಿ ಮಾಡಿಸುವವರು ಈಗ ಹೆಚ್ಚುತ್ತಿದ್ದಾರೆ. ತಯಾರಿ ಎಂದರೆ ಮುಂಜಾವಿನ ಓಟ, ಮೈಗೆ ಎಣ್ಣೆ ತೀಡುವುದು, ಕಿವಿಯ ಮಡಿಕೆಗಳಿಂದ ಉಣ್ಣೆ ಹೆಕ್ಕುವುದು. ಬಳ್ಳಾರಿ ಜಾಲಿಯ ಮುಳ್ಳು ಪಾದದಲ್ಲಿ ಮುರಿದರೆ ಅಪ್ಪ ದೀಪದ ಬೆಳಕಿಗೆ ಪಾದ ಹಿಡಿದು ಕೂರುತ್ತಾನೆ. ಮಗ ಬಾಯಿ ಹಿಡಿಯುತ್ತಾನೆ, ಮಗಳು ಟಾರ್ಚು. ಪಿನ್ನಿನ ಮೊನೆಯಲ್ಲಿ ಚರ್ಮ ಬಿಡಿಸಿ ಮುಳ್ಳು ಎಬ್ಬಿಸಿ, ಅರಿಶಿನ ಎಣ್ಣೆ ಒತ್ತುತ್ತಾನೆ. ನಾಯಿ ನಡುಗುತ್ತದೆ, ಕಚ್ಚುವುದಿಲ್ಲ. ಅಪ್ಪನ ಕುಶಲತೆ ಮಕ್ಕಳಿಗೆ ದಾಟುವುದು ಹೀಗೆ, ಪಾಠ ಹೇಳಿಸಿಕೊಂಡಲ್ಲ, ಕಾಲು ಹಿಡಿದುಕೊಂಡು.

ಓಡುವ ಬಯಲೂ ಕಿರಿದಾಗುತ್ತಿದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರ ಉದ್ಯಾನ 2,050 ಮೆಗಾವಾಟ್ ಸಾಮರ್ಥ್ಯದ ಬೃಹತ್ ಸಾಧನೆ. ಬರದ ನಾಡಿನ ರೈತರಿಗೆ ಭೂಮಿಯ ಬಾಡಿಗೆ ಆದಾಯವಾಯಿತು. ಅದೇ ವೇಳೆ ಕುರಿ ಮೇಯುತ್ತಿದ್ದ, ನಾಯಿ ಓಡುತ್ತಿದ್ದ ನೆಲ ಬೇಲಿಯೊಳಗೆ ಸೇರಿತು.

ಬಯಲು ಕಿರಿದಾದ ಈ ಕಾಲದಲ್ಲೇ ದೇಶ ಈ ನಾಯಿಯನ್ನು ಹೊಸದಾಗಿ ಕಂಡುಕೊಂಡಿದೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿಗಳಲ್ಲಿ ಒಂದು ಮುಧೋಳದ್ದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಂದ ಹೊರಟ ಮರಿಗಳು ಸೇನೆಯ ಮೀರತ್ ತರಬೇತಿ ಕೇಂದ್ರವನ್ನು ಸೇರಿದವು, ವಾಯುಪಡೆಯ ಓಡುಹಾದಿಗಳಿಂದ ಹಕ್ಕಿ ಓಡಿಸುವ ಕೆಲಸಕ್ಕೂ ನಿಯೋಜಿತವಾದವು. ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ವಿದೇಶಿ ತಳಿಗಳನ್ನು ಹಿಂದಿಕ್ಕಿ ಕೂಟದ ಶ್ರೇಷ್ಠ ನಾಯಿ ಎನಿಸಿತು. ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಬ್ಯೂರೋ ಮುಧೋಳವನ್ನು ಅಧಿಕೃತ ದೇಶಿ ತಳಿಯೆಂದು ನೋಂದಾಯಿಸಿದೆ.

ಈ ಕೀರ್ತಿಯಿಂದ ಬಂದ ಅಪಾಯವೂ ಇದೆ. ನಗರದ ಫ್ಲ್ಯಾಟುಗಳಿಗೆ ಮರಿಗಳು ಮಾರಾಟವಾಗುತ್ತಿವೆ. ದಿನವೂ ಓಡಲು ಬಯಲಿಲ್ಲದ ಬೇಟೆನಾಯಿ ಬಾಗಿಲು ಕೆರೆಯುತ್ತ ಕೊರಗುತ್ತದೆ. ಅದರ ಮೈಯಲ್ಲಿ ಕೊಬ್ಬು ತೀರ ಕಡಿಮೆ. ಕೆಲವು ಅರಿವಳಿಕೆ ಔಷಧಗಳನ್ನು ಇತರ ನಾಯಿಗಳ ಅಳತೆಯಲ್ಲೇ ಕೊಟ್ಟರೆ ಪ್ರಾಣಕ್ಕೆ ಕುತ್ತು. ಶಸ್ತ್ರಚಿಕಿತ್ಸೆಗೆ ಒಯ್ಯುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ತೂಕ ಕಾಣಲೆಂದು ತಿನ್ನಿಸಿ ಕೊಬ್ಬಿಸಿದರೆ ಕೀಲುಗಳು ಸೋಲುತ್ತವೆ. ಪಕ್ಕೆಲುಬು ಎಣಿಸುವಂತಿರುವ ನಾಯಿಯನ್ನು ಕಂಡು ಅನ್ನವಿಲ್ಲದ್ದೆಂದು ಮರುಗುವ ಪಟ್ಟಣಿಗರು ತುಮಕೂರು ಸೀಮೆಯ ಯಾವುದೇ ಅಪ್ಪನನ್ನು ಕೇಳಲಿ, ಕಡೆಯ ಎರಡು ಮೂರು ಎಲುಬು ಕಾಣುವುದೇ ಆರೋಗ್ಯವೆಂದು ಆತ ವಿವರಿಸುತ್ತಾನೆ.

ಅಪ್ಪನ ತಿಳಿವಳಿಕೆ ಮಾತ್ರ ಎಲ್ಲೂ ಬರಹಕ್ಕೆ ಇಳಿದಿಲ್ಲ. ಯಾವ ತಾಯಿಗೆ ಯಾವ ಗಂಡು, ಯಾವ ಸೂಲಿನ ಮರಿ ಯಾವ ಊರಿಗೆ ಹೋಯಿತು ಎಂಬುದು ಆತನ ನೆನಪಿನಲ್ಲಿ ಮೂರು ನಾಲ್ಕು ತಲೆಮಾರುಗಳವರೆಗೆ ಸ್ಪಷ್ಟವಾಗಿದೆ. ಆತ ತೀರಿಕೊಂಡರೆ ಆ ವಂಶಾವಳಿಯೂ ಹೋಗುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳು ಉಚಿತ ಲಸಿಕಾ ಶಿಬಿರ ನಡೆಸುತ್ತವೆ. ಕೂಲಿಗೆ ರಜೆ ಹಾಕಿ, ನಾಯಿಗೆ ಸ್ನಾನ ಮಾಡಿಸಿ, ಮಕ್ಕಳನ್ನು ಕರೆದುಕೊಂಡು ಈ ಅಪ್ಪಂದಿರು ಅಲ್ಲಿಗೆ ಬರುತ್ತಾರೆ. ಲಸಿಕೆ ಚೀಟಿಯಲ್ಲಿ ನಾಯಿಯ ಹೆಸರು, ವಯಸ್ಸು, ಬಣ್ಣ ಬರೆಯುವ ಜಾಗವಿದೆ. ಅದರ ಕೆಳಗೆ ತಾಯಿ, ತಂದೆ, ಹುಟ್ಟಿದ ಊರು ಎಂಬ ಮೂರು ಸಾಲು ಸೇರಿಸಿ, ಆ ವಿವರವನ್ನು ತಿಮ್ಮಾಪುರದ ಕೇಂದ್ರಕ್ಕೆ ಕಳಿಸುವ ಏರ್ಪಾಡು ಮಾಡಲು ದೊಡ್ಡ ಯೋಜನೆಯಾಗಲಿ ಭಾರಿ ಅನುದಾನವಾಗಲಿ ಬೇಕಿಲ್ಲ. ಮಧುಗಿರಿಯ ಪಶು ಆಸ್ಪತ್ರೆಯಿಂದಲೇ ಅದನ್ನು ಆರಂಭಿಸಬಹುದು. ಉತ್ತರ ಹೇಳಲು ಅಪ್ಪಂದಿರು ಸಾಲಿನಲ್ಲಿ ನಿಂತೇ ಇರುತ್ತಾರೆ.